‘ಸರ್ಕ್ಸ್’ ಎಂಬ ಗ್ರೀಕ್ ಪದ: ಯಾವ ವಚನದಲ್ಲಿ ಯಾವ ಅರ್ಥ ಎಂದು ಗುರುತಿಸುವ ಸಮಗ್ರ ಮಾರ್ಗದರ್ಶಿ

ಬೈಬಲಿನ ಹೊಸ ಒಡಂಬಡಿಕೆಯಲ್ಲಿ, ರೋಮಾಪುರದವರಿಗೆ ಬರೆದ ಪತ್ರದ 8:9ರಲ್ಲಿ (8ನೇ ಅಧ್ಯಾಯ, 9ನೇ ವಚನ) ಅಪೊಸ್ತಲ ಪೌಲನು ತನ್ನ ಓದುಗರಿಗೆ ‘ನೀವು ಸರ್ಕ್ಸ್‌ನಲ್ಲಿ ಇಲ್ಲ’ ಅನ್ನುತ್ತಾನೆ. ಗಲಾತ್ಯದವರಿಗೆ ಬರೆದ ಪತ್ರದ 2:20ರಲ್ಲಿ ಅದೇ ಪೌಲನು ತಾನು ಈಗ ‘ಸರ್ಕ್ಸ್‌ನಲ್ಲಿ’ ಬದುಕುತ್ತಿದ್ದೇನೆ ಅನ್ನುತ್ತಾನೆ. ಎರಡೂ ಕಡೆ ಗ್ರೀಕಿನಲ್ಲಿ ಇರುವುದು ‘ಎನ್ ಸರ್ಕಿ’ ಎಂಬ ಎರಡೇ ಪದ. ಒಂದಕ್ಷರದ ವ್ಯತ್ಯಾಸವೂ ಇಲ್ಲ. ‘ಸರ್ಕ್ಸ್ ಅಂದರೆ ದೇಹ’ ಎಂದು ಬಾಯಿಪಾಠ ಮಾಡಿಕೊಂಡವರು ಮೊದಲ ವಚನದಲ್ಲಿ ಸಿಕ್ಕಿಬೀಳುತ್ತಾರೆ: ಜೀವಂತ ಇರುವವರು ದೇಹದಲ್ಲಿ ಇಲ್ಲದಿರುವುದು ಹೇಗೆ? ‘ಸರ್ಕ್ಸ್ ಅಂದರೆ ಪಾಪಸ್ವಭಾವ’ ಎಂದು ಕಲಿತವರು ಎರಡನೆಯದರಲ್ಲಿ ಮುಗ್ಗರಿಸುತ್ತಾರೆ.

ಬೈಬಲ್ ಅಧ್ಯಯನದ ಗುಂಪುಗಳಲ್ಲಿ, ಪ್ರಸಂಗದ ಟಿಪ್ಪಣಿಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು ಇದೇ. ನಿಘಂಟು ಇಲ್ಲದ್ದಕ್ಕೆ ಹೀಗಾಗುವುದಿಲ್ಲ. ನಿಘಂಟನ್ನು ಮೊದಲೇ ತೆರೆದು, ಅಲ್ಲಿನ ಪಟ್ಟಿಯಲ್ಲಿ ಮನಸ್ಸಿಗೆ ಒಪ್ಪಿದ ಅರ್ಥ ಆರಿಸಿ ವಚನಕ್ಕೆ ಅಂಟಿಸುವುದರಿಂದ ಆಗುತ್ತದೆ. ಕೆಳಗಿನ ಕ್ರಮದಲ್ಲಿ ನಿಘಂಟು ಐದನೆಯ ಹಂತದಲ್ಲಿ ಬರುತ್ತದೆ. ಅದಕ್ಕಿಂತ ಮುಂಚೆ ತೆರೆಯಬೇಡಿ.

## ಬೇಕಾಗುವ ಸಾಮಗ್ರಿ

ಕನ್ನಡದ ಎರಡು ಅನುವಾದಗಳು ಬೇಕು: ಒಂದು ಹಳೆಯ ‘ಸತ್ಯವೇದವು’, ಇನ್ನೊಂದು ಈಚಿನ ಸರಳ ಅನುವಾದ. ಇವೆರಡೂ ಒಂದು ಪದವನ್ನು ಬೇರೆ ಬೇರೆಯಾಗಿ ಅನುವಾದಿಸಿದ ಜಾಗದಲ್ಲಿ ಏನೋ ವಿಷಯ ಇದೆ ಎಂದರ್ಥ.

ಗ್ರೀಕ್ ಪದಗಳ ಕೆಳಗೇ ಅರ್ಥವನ್ನೂ ವ್ಯಾಕರಣವನ್ನೂ ಕೊಡುವ ಇಂಟರ್‌ಲೀನಿಯರ್ ಪಠ್ಯ ಬೇಕು. ಬೈಬಲ್ ಹಬ್, ಸ್ಟೆಪ್ ಬೈಬಲ್, ಬ್ಲೂ ಲೆಟರ್ ಬೈಬಲ್ ಜಾಲತಾಣಗಳಲ್ಲಿ ಇದು ಉಚಿತ. ಗ್ರೀಕ್ ಅಕ್ಷರಮಾಲೆಯ 24 ಅಕ್ಷರ ಗುರುತಿಸಲು ಬಂದರೆ ಒಳ್ಳೆಯದು. ಬಾರದಿದ್ದರೆ ಸ್ಟ್ರಾಂಗ್ ಸಂಖ್ಯೆ (ಬೈಬಲಿನ ಪ್ರತಿ ಮೂಲಪದಕ್ಕೂ ಕೊಟ್ಟಿರುವ ಕ್ರಮಸಂಖ್ಯೆ) ಸಾಕು. ಇವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ: ಸರ್ಕ್ಸ್ ಜಿ4561, ಸೋಮ (ದೇಹ) ಜಿ4983, ಕ್ರೆಯಸ್ (ತಿನ್ನುವ ಮಾಂಸ) ಜಿ2907, ಸರ್ಕ್ಸ್‌ನಿಂದ ಬಂದ ವಿಶೇಷಣಗಳಾದ ಸರ್ಕಿಕೊಸ್ ಜಿ4559, ಸರ್ಕಿನೊಸ್ ಜಿ4560. ಗ್ರೀಕಿನ ‘ಸೋಮ’ಕ್ಕೂ ನಮ್ಮ ಸೋಮನಿಗೂ ಸಂಬಂಧವಿಲ್ಲ, ಹೊಸಬರು ಇಲ್ಲಿ ಗೊಂದಲ ಮಾಡಿಕೊಳ್ಳುವುದುಂಟು.

ನಿಘಂಟುಗಳಲ್ಲಿ ಬೌವರ್-ಡ್ಯಾಂಕರ್‌ನ 2000ದ ಮೂರನೆಯ ಆವೃತ್ತಿ ಎಲ್ಲಕ್ಕಿಂತ ಉತ್ತಮ, ಆದರೆ ದುಬಾರಿ. ದೇವಶಾಸ್ತ್ರ ಕಾಲೇಜಿನ ಗ್ರಂಥಾಲಯದಲ್ಲಿ ಸಿಗುತ್ತದೆ. ಉಚಿತವಾಗಿ ಸಿಗುವ ಥೇಯರ್ 19ನೇ ಶತಮಾನದ್ದು. ಉದಾಹರಣೆ ವಚನಗಳಿಗೆ ಅದು ಸಾಕು, ಕೊನೆಯ ತೀರ್ಪಿಗೆ ಅಲ್ಲ.

## ಹಂತ 1: ಅದು ಸರ್ಕ್ಸ್ ಹೌದೇ ಎಂದು ಮೊದಲು ಖಚಿತಪಡಿಸಿಕೊಳ್ಳಿ

ಕನ್ನಡ ಪಠ್ಯದಲ್ಲಿ ‘ಶರೀರ’ ಎಂದಿದ್ದರೆ ಗ್ರೀಕಿನಲ್ಲಿ ಸರ್ಕ್ಸ್ ಇರಬಹುದು, ಸೋಮವೂ ಇರಬಹುದು. ಕನ್ನಡದಲ್ಲಿ ಶರೀರ ಎಂಬ ಸುಳಿವೇ ಇಲ್ಲದ ಕಡೆಯೂ ಸರ್ಕ್ಸ್ ಅಡಗಿರುತ್ತದೆ. ಯೋಹಾನ 1:14ರಲ್ಲಿ ಗ್ರೀಕ್ ಮಾತು ‘ಲೋಗೊಸ್ (ವಾಕ್ಯ) ಸರ್ಕ್ಸ್ ಆಯಿತು’ ಎಂದಷ್ಟೇ. ಹಳೆಯ ಕನ್ನಡ ಅನುವಾದ ಅದನ್ನು ‘ನರಾವತಾರ ಎತ್ತಿ’ ಎಂದಿದೆ. ಮತ್ತಾಯ 16:17ರ ‘ಸರ್ಕ್ಸ್ ಮತ್ತು ರಕ್ತ’ ಕನ್ನಡದಲ್ಲಿ ‘ನರಮನುಷ್ಯರು’ ಆಗಿದೆ. ಗಲಾತ್ಯ 5:19ರಲ್ಲಿ ಅದೇ ಪದ ‘ಶರೀರಭಾವ’. ಅನುವಾದಕರು ತಪ್ಪು ಮಾಡಲಿಲ್ಲ. ಒಂದೊಂದು ಕಡೆಯೂ ಅರ್ಥ ತೂಗಿ ನೋಡಿಯೇ ಬರೆದಿದ್ದಾರೆ. ಆದರೆ ಕನ್ನಡ ಪದ ಹಿಡಿದು ಹುಡುಕಿದರೆ ಮೂರೂ ಒಂದೇ ಪದವೆಂದು ನಿಮಗೆ ಗೊತ್ತಾಗುವುದೇ ಇಲ್ಲ.

ಆದ್ದರಿಂದ ಹುಡುಕಾಟ ಜಿ4561ರಿಂದಲೇ ನಡೆಯಲಿ. ವಿಮರ್ಶಿತ ಗ್ರೀಕ್ ಪಠ್ಯದಲ್ಲಿ (ಹಳೆಯ ಕೈಬರಹದ ಪ್ರತಿಗಳನ್ನು ಹೋಲಿಸಿ ವಿದ್ವಾಂಸರು ಸಿದ್ಧಪಡಿಸಿದ ಪಠ್ಯ) ಈ ಪದ 147 ಬಾರಿ ಬರುತ್ತದೆ. ರೋಮಾಪುರ ಪತ್ರದಲ್ಲಿ 26, ಗಲಾತ್ಯದಲ್ಲಿ 18, ಯೋಹಾನನ ಸುವಾರ್ತೆಯಲ್ಲಿ 13. ನಿಮ್ಮ ಜಾಲತಾಣ ಇನ್ನೂ ಕೆಲವು ಹೆಚ್ಚು ತೋರಿಸಿದರೆ ಗಾಬರಿ ಬೇಡ. ಅದು ಹಳೆಯ ಮುದ್ರಿತ ಪಠ್ಯವನ್ನು ಎಣಿಸುತ್ತಿದೆ. ರೋಮಾ 8:1ರ ಕೊನೆಯಲ್ಲಿ ‘ಸರ್ಕ್ಸ್‌ಗೆ ಅನುಸಾರವಾಗಿ ನಡೆಯದವರು’ ಎಂಬ ಮಾತು ಆ ಪಠ್ಯದಲ್ಲಿದೆ, ವಿಮರ್ಶಿತ ಪಠ್ಯದಲ್ಲಿಲ್ಲ.

ಕ್ರೆಯಸ್ ಹೊಸ ಒಡಂಬಡಿಕೆಯಲ್ಲಿ ಎರಡೇ ಸಲ ಬರುತ್ತದೆ: ರೋಮಾ 14:21, 1 ಕೊರಿಂಥ 8:13. ಎರಡೂ ಊಟದ ಮಾತು. ಕನ್ನಡದಲ್ಲಿ ‘ಮಾಂಸ’ ಎಂದು ಕಂಡ ತಕ್ಷಣ ಈ ಎರಡು ವಚನಗಳನ್ನು ಸರ್ಕ್ಸ್‌ನ ಪಟ್ಟಿಗೆ ಸೇರಿಸಬೇಡಿ.

## ಹಂತ 2: ಪದದ ರೂಪವನ್ನೂ ಅದರ ಜೊತೆಗಾರರನ್ನೂ ಬರೆದುಕೊಳ್ಳಿ

ಏಕವಚನದಲ್ಲಿ ನಾಲ್ಕು ರೂಪ: ಸರ್ಕ್ಸ್ (ಕರ್ತೃ), ಸರ್ಕೊಸ್ (‘-ಅ’, ಷಷ್ಠಿ), ಸರ್ಕಿ (ಡೇಟಿವ್, ಅಂದರೆ ಚತುರ್ಥಿ), ಸರ್ಕ (ಕರ್ಮ). ರೂಪಕ್ಕಿಂತ ಮುಖ್ಯವಾದುದು ಅದರ ಮುಂದೆ, ಅಂದರೆ ಅದಕ್ಕಿಂತ ಮೊದಲು, ನಿಂತ ಸಣ್ಣ ಪದ (‘ಎನ್’, ‘ಕತಾ’ ಮುಂತಾದವು). ಎರಡು ಜೋಡಿಗಳು ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುತ್ತವೆ.

‘ಎನ್ ಸರ್ಕಿ’, ಅಂದರೆ ಸರ್ಕ್ಸ್‌ನಲ್ಲಿ. ಸಾಮಾನ್ಯವಾಗಿ ಇದು ಈ ಲೋಕದ ದೈಹಿಕ ಬಾಳನ್ನು ಹೇಳುತ್ತದೆ. ಫಿಲಿಪ್ಪಿ 1:22, 24ರಲ್ಲಿ ಪೌಲನು ಬದುಕಿ ಉಳಿಯುವುದನ್ನು ಹೀಗೇ ಹೇಳಿದ್ದಾನೆ. ಆದರೆ ರೋಮಾ 8:9ರಲ್ಲಿ ಅರ್ಥ ತಿರುಗುತ್ತದೆ. ತಿರುವಿನ ಗುರುತು ಒಂದು ಅಧ್ಯಾಯ ಹಿಂದೆಯೇ, 7:5ರಲ್ಲಿ ಇದೆ: ‘ನಾವು ಸರ್ಕ್ಸ್‌ನಲ್ಲಿ ಇದ್ದಾಗ’. ಕ್ರಿಯಾಪದ ಭೂತಕಾಲದ್ದು. ದೇಹದಲ್ಲಿರುವುದನ್ನು ಬದುಕಿರುವವರು ಭೂತಕಾಲದಲ್ಲಿ ಹೇಳುವುದಿಲ್ಲ. ಕಾಲ ನೋಡದೆ ಮುಂದೆ ಹೋದರೆ ಈ ಸುಳಿವು ಕೈತಪ್ಪುತ್ತದೆ.

‘ಕತಾ ಸರ್ಕ’, ಅಂದರೆ ಸರ್ಕ್ಸ್‌ಗೆ ಅನುಸಾರವಾಗಿ. ಇದು ಏನನ್ನು ವಿವರಿಸುತ್ತಿದೆ ಎಂದು ಕೇಳಿ. ವ್ಯಕ್ತಿಯನ್ನೋ ಸಂಬಂಧವನ್ನೋ ವಿವರಿಸುತ್ತಿದ್ದರೆ ಹುಟ್ಟಿನ ಮಾತು: ರೋಮಾ 1:3ರಲ್ಲಿ ದಾವೀದನ ವಂಶ, 9:3ರಲ್ಲಿ ಪೌಲನ ಸ್ವಜನ. ನಾವು ‘ರಕ್ತಸಂಬಂಧ’, ‘ಕರುಳಬಳ್ಳಿ’ ಅನ್ನುವ ಕಡೆ ಗ್ರೀಕ್ ಬಲ್ಲ ಯೆಹೂದಿ ಸರ್ಕ್ಸ್ ಅನ್ನುತ್ತಾನೆ. ನಡೆ, ಬಾಳು, ಯೋಚಿಸು, ಯುದ್ಧಮಾಡು ಎಂಬಂಥ ಕ್ರಿಯೆಯನ್ನು ವಿವರಿಸುತ್ತಿದ್ದರೆ ಅದು ನಡತೆಯ ಮಾನದಂಡ, ಬಹುಪಾಲು ಕೆಟ್ಟ ಅರ್ಥದಲ್ಲಿ.

ಇದನ್ನು ಹತ್ತಿರದಿಂದ ನೋಡಲು 2 ಕೊರಿಂಥ 10:2-3ಕ್ಕಿಂತ ಒಳ್ಳೆಯ ಜಾಗವಿಲ್ಲ. ಎರಡನೆಯ ವಚನದಲ್ಲಿ ವಿರೋಧಿಗಳು ಪೌಲನ ಮೇಲೆ ಹೊರಿಸುವ ಆರೋಪ: ಇವರು ‘ಕತಾ ಸರ್ಕ’ ನಡೆಯುವವರು. ಮೂರನೆಯದರಲ್ಲಿ ಅವನ ಉತ್ತರ: ನಾವು ‘ಎನ್ ಸರ್ಕಿ’ ನಡೆಯುತ್ತೇವೆ ನಿಜ, ಆದರೆ ‘ಕತಾ ಸರ್ಕ’ ಯುದ್ಧ ಮಾಡುವುದಿಲ್ಲ. ‘ನಡೆ’ ಎಂಬ ಕ್ರಿಯಾಪದ ಎರಡು ಕಡೆಯೂ ಅದೇ, ನಾಮಪದ ಅದೇ. ಬದಲಾದದ್ದು ಮುಂದಿನ ಸಣ್ಣ ಪದ ಒಂದೇ, ಇಡೀ ವಾದ ಅದರ ಮೇಲೆ ನಿಂತಿದೆ. ಎರಡನ್ನೂ ‘ಶರೀರದಲ್ಲಿ’ ಎಂದು ಬರೆದುಕೊಂಡರೆ ಪೌಲನು ಆರೋಪವನ್ನು ಒಪ್ಪಿಕೊಂಡಂತೆ ಕೇಳಿಸುತ್ತದೆ.

## ಹಂತ 3: ಎದುರು ನಿಂತ ಪದ ಯಾವುದು?

ವಾಕ್ಯದಲ್ಲಿ ಸರ್ಕ್ಸ್‌ಗೆ ಎದುರಾಗಿ ಇಟ್ಟ ಪದಕ್ಕೆ ಗೆರೆ ಎಳೆಯಿರಿ. ಎದುರು ಪದ ಬದಲಾದಂತೆ ಅರ್ಥವೂ ಬದಲಾಗುತ್ತದೆ.

ಗಲಾತ್ಯ 4:23ರಲ್ಲಿ ಎದುರು ‘ವಾಗ್ದಾನ’. ದಾಸಿಯ ಮಗ ಎಲ್ಲರಂತೆ ಹುಟ್ಟಿದ, ಇನ್ನೊಬ್ಬ ದೇವರು ಮಾತು ಕೊಟ್ಟದ್ದರಿಂದ ಹುಟ್ಟಿದ. ಇಲ್ಲಿ ಸರ್ಕ್ಸ್‌ಗೆ ಪಾಪದ ವಾಸನೆಯೇ ಇಲ್ಲ. ಫಿಲೆಮೋನ 16ರಲ್ಲಿ ಎದುರು ‘ಕರ್ತನಲ್ಲಿ’: ಫಿಲೆಮೋನನ ದಾಸನಾದ ಒನೇಸಿಮನು ಲೋಕದ ಸಂಬಂಧದಲ್ಲೂ ಕರ್ತನ ಸಂಬಂಧದಲ್ಲೂ ಪ್ರಿಯ ಸಹೋದರ. ಎರಡೂ ಇಲ್ಲಿ ಒಳ್ಳೆಯ ಅರ್ಥದಲ್ಲೇ ಬಂದಿವೆ. ಗಲಾತ್ಯ 5:17ರಲ್ಲಿ ಎದುರು ಪ್ನ್ಯೂಮ, ಅಂದರೆ ಆತ್ಮ. ಅಲ್ಲಿ ಎರಡೂ ಒಂದಕ್ಕೊಂದು ಹೋರಾಡುತ್ತವೆ.

ಎಚ್ಚರಿಕೆ: ಪ್ನ್ಯೂಮ ಎದುರಿಗಿದೆ ಎಂದ ಮಾತ್ರಕ್ಕೆ ತೀರ್ಮಾನಕ್ಕೆ ಬರಬೇಡಿ. ಕೊಲೊಸ್ಸೆ 2:5ರಲ್ಲಿ ಪೌಲನು ‘ಸರ್ಕ್ಸ್‌ನಲ್ಲಿ ದೂರವಿದ್ದರೂ ಪ್ನ್ಯೂಮದಲ್ಲಿ ನಿಮ್ಮೊಂದಿಗಿದ್ದೇನೆ’ ಅನ್ನುತ್ತಾನೆ. ಊರಲ್ಲಿಲ್ಲದಿದ್ದರೂ ಮನಸ್ಸು ನಿಮ್ಮ ಬಳಿಯೇ ಇದೆ ಎಂಬಷ್ಟೇ ಮಾತು. ಇದೇ ಮಾತನ್ನು 1 ಕೊರಿಂಥ 5:3ರಲ್ಲಿ ಹೇಳುವಾಗ ಸರ್ಕ್ಸ್‌ನ ಜಾಗದಲ್ಲಿ ಸೋಮ ಬಂದಿದೆ. ಸರ್ಕ್ಸ್ ಮತ್ತು ಸೋಮ ಕೆಲವು ಕಡೆ ಒಂದರ ಬದಲು ಒಂದು ಬರುತ್ತವೆ ಎನ್ನುವುದಕ್ಕೆ ಈ ಎರಡು ವಚನಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು.

## ಹಂತ 4: ಹೀಬ್ರೂ ನುಡಿಗಟ್ಟೇ ಎಂದು ಪರೀಕ್ಷಿಸಿ

ಹೊಸ ಒಡಂಬಡಿಕೆಯ ಸರ್ಕ್ಸ್‌ನ ಹಿಂದೆ ಹೀಬ್ರೂ ‘ಬಾಸಾರ್’ ನಿಂತಿದೆ. ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದವಾದ ಸೆಪ್ಟುಅಜಿಂಟ್ ಬಾಸಾರ್ ಅನ್ನು ಹೆಚ್ಚಾಗಿ ಸರ್ಕ್ಸ್ ಎಂದೇ ಅನುವಾದಿಸಿತು. ಅದರಿಂದ ಬಂದ ಕೆಲವು ನುಡಿಗಟ್ಟುಗಳನ್ನು ಬಿಡಿಸಬಾರದು, ಇಡಿಯಾಗಿ ತೆಗೆದುಕೊಳ್ಳಬೇಕು. ‘ಮೈಗಳ್ಳ’ ಎಂಬುದನ್ನು ಬಿಡಿಸಿ ‘ಮೈ ಕದ್ದವನು’ ಎಂದು ಅರ್ಥ ಹೇಳಿದರೆ ಹೇಗಿರುತ್ತದೋ ಹಾಗೆ ಇದು.

‘ಪಾಸ ಸರ್ಕ್ಸ್’ (ಎಲ್ಲ ಸರ್ಕ್ಸ್): ಎಲ್ಲ ಮನುಷ್ಯರು, ಕೆಲವೊಮ್ಮೆ ಎಲ್ಲ ಜೀವಿಗಳು. ಲೂಕ 3:6, ಅಪೊಸ್ತಲರ ಕೃತ್ಯಗಳು 2:17, 1 ಪೇತ್ರ 1:24. ಮೂರೂ ಪ್ರವಾದಿಗಳಿಂದ ತೆಗೆದ ಮಾತುಗಳು: ಯೆಶಾಯ 40, ಯೋವೇಲ, ಮತ್ತೆ ಯೆಶಾಯ 40.

‘ಸರ್ಕ್ಸ್ ಕೈ ಹೈಮ’ (ಸರ್ಕ್ಸ್ ಮತ್ತು ರಕ್ತ): ಸಾಯುವ ಮನುಷ್ಯ. ಮತ್ತಾಯ 16:17, ಗಲಾತ್ಯ 1:16, 1 ಕೊರಿಂಥ 15:50. ಎಫೆಸ 6:12 ಮತ್ತು ಇಬ್ರಿಯ 2:14ರಲ್ಲಿ ಪದಕ್ರಮ ತಿರುಗಿ ರಕ್ತ ಮೊದಲು ಬರುತ್ತದೆ, ಅರ್ಥ ಅದೇ.

‘ಒಂದೇ ಸರ್ಕ್ಸ್’: ಆದಿಕಾಂಡ 2:24ರ ದಾಂಪತ್ಯದ ಮಾತು. ಮತ್ತಾಯ 19:5, ಮಾರ್ಕ 10:8, 1 ಕೊರಿಂಥ 6:16, ಎಫೆಸ 5:31ರಲ್ಲಿ ಉಲ್ಲೇಖ.

‘ನನ್ನ ಸರ್ಕ್ಸ್’ ಎಂಬುದು ‘ನನ್ನ ಜನ’ ಎಂದಾಗುವುದೂ ಇದೆ, ರೋಮಾ 11:14ರಲ್ಲಿ. ಆದಿಕಾಂಡ 29:14ರಲ್ಲಿ ಲಾಬಾನನು ಯಾಕೋಬನಿಗೆ ‘ನನ್ನ ಎಲುಬು, ನನ್ನ ಮಾಂಸ’ ಅನ್ನುವ ಜಾಡು ಇದು.

ವಚನ ಈ ನಾಲ್ಕರಲ್ಲಿ ಒಂದಕ್ಕೆ ಸೇರಿದರೆ ಕೆಲಸ ಬಹುತೇಕ ಮುಗಿಯಿತು. ನೇರವಾಗಿ ಆರನೆಯ ಹಂತಕ್ಕೆ ಹೋಗಿ.

## ಹಂತ 5: ಈಗ ನಿಘಂಟು ತೆರೆದು ಗುಂಪು ಆರಿಸಿ

ನಿಘಂಟಿನಲ್ಲಿ ಹತ್ತಾರು ಸೂಕ್ಷ್ಮ ವಿಂಗಡಣೆ ಇರುತ್ತದೆ. ಕೆಲಸಕ್ಕೆ ಏಳು ಗುಂಪು ಸಾಕು.

1. ಎಲುಬಿನ ಮೇಲಿನ ಮಾಂಸ. ಲೂಕ 24:39, 1 ಕೊರಿಂಥ 15:39ರ ಮನುಷ್ಯ, ಪಶು, ಹಕ್ಕಿ, ಮೀನುಗಳ ಮಾಂಸ. ಪ್ರಕಟನೆ 19:18ರಲ್ಲಿ ಒಂದೇ ವಚನದಲ್ಲಿ ಐದು ಬಾರಿ, ಬಹುವಚನದಲ್ಲಿ.

2. ದೇಹ, ದೈಹಿಕ ಬಾಳು, ಕಾಯಿಲೆ. ಗಲಾತ್ಯ 4:13, 2 ಕೊರಿಂಥ 12:7, ಫಿಲಿಪ್ಪಿ 1:24.

3. ಮನುಷ್ಯ, ಜೀವಿ. ನಾಲ್ಕನೆಯ ಹಂತದ ನುಡಿಗಟ್ಟುಗಳು, ಯೋಹಾನ 17:2.

4. ಹುಟ್ಟು, ವಂಶ. ರೋಮಾ 1:3, 9:3, 9:5. 1 ಕೊರಿಂಥ 10:18.

5. ಮನುಷ್ಯನ ಮಿತಿ, ಬಲಹೀನತೆ. ಮಾರ್ಕ 14:38ರಲ್ಲಿ ಮನಸ್ಸು ಸಿದ್ಧವಿದ್ದರೂ ನಿದ್ದೆ ತಡೆಯಲಾಗದ ಶಿಷ್ಯರು. ಯೋಹಾನ 1:14 ಇಲ್ಲಿಗೇ ಸೇರುತ್ತದೆ.

6. ಹೊರಗಿನ ಹೆಚ್ಚುಗಾರಿಕೆ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಫಿಲಿಪ್ಪಿ 3:3-6ರಲ್ಲಿ ‘ಸರ್ಕ್ಸ್‌ನಲ್ಲಿ ಭರವಸೆ’ ಎಂದು ಹೇಳಿ ಪೌಲನು ಪಟ್ಟಿ ಕೊಡುತ್ತಾನೆ: ಎಂಟನೆಯ ದಿನದ ಸುನ್ನತಿ, ಬೆನ್ಯಾಮೀನ ಕುಲ, ಫರಿಸಾಯ ಪಂಥ, ಧರ್ಮಶಾಸ್ತ್ರದ ವಿಷಯದಲ್ಲಿ ನಿರ್ದೋಷಿ. ಪಟ್ಟಿಯಲ್ಲಿ ಒಂದೂ ಕಾಮದ ವಿಷಯವಿಲ್ಲ. ಕುಲ, ಮಡಿ, ಪಾಂಡಿತ್ಯ, ಧಾರ್ಮಿಕ ಶಿಸ್ತು ಇವೇ ಇಲ್ಲಿ ಸರ್ಕ್ಸ್. ಕುಲದ ಹೆಮ್ಮೆ ಏನೆಂದು ಬಲ್ಲ ನಮ್ಮ ನಾಡಿನ ಓದುಗರಿಗೆ ಈ ಅರ್ಥ ಬೇಗ ತಟ್ಟಬೇಕು. ‘ಶರೀರ’ ಎಂಬ ಅನುವಾದ ಅದನ್ನು ಮುಚ್ಚಿಬಿಡುತ್ತದೆ.

7. ದೇವರಿಗೆ ಎದುರು ನಿಂತ ಬಾಳಿನ ಬಲ. ರೋಮಾ 8:3-13ರಲ್ಲಿ ಹನ್ನೊಂದು ವಚನಗಳಲ್ಲಿ ಹದಿಮೂರು ಬಾರಿ, ಅಂದರೆ ಆ ಪತ್ರದ ಒಟ್ಟು ಬಳಕೆಯ ಅರ್ಧ. ಗಲಾತ್ಯ 5:16-24.

ಎರಡು ಗುಂಪು ಸಮನಾಗಿ ಹೊಂದಿದರೆ ಎರಡನ್ನೂ ಬರೆದಿಟ್ಟುಕೊಂಡು ಮುಂದೆ ಹೋಗಿ. ಏಳನ್ನೂ ಒಂದೇ ವಚನದಲ್ಲಿ ತುಂಬುವುದು ಮಾತ್ರ ಬೇಡ. ಪದಕ್ಕೆ ಏಳು ಅರ್ಥ ಇರಬಹುದು, ಆ ವಾಕ್ಯದಲ್ಲಿ ಸಾಮಾನ್ಯವಾಗಿ ಒಂದೇ.

## ಹಂತ 6: ಅರ್ಥವನ್ನು ಪದದ ಜಾಗದಲ್ಲಿಟ್ಟು ಓದಿ

ಆರಿಸಿದ ಅರ್ಥವನ್ನು ವಾಕ್ಯದಲ್ಲಿಟ್ಟು, ಹಿಂದಿನ ಮೂರು, ಮುಂದಿನ ಮೂರು ವಚನಗಳ ಸಮೇತ ಗಟ್ಟಿಯಾಗಿ ಓದಿ. ಬಳಿಕ ಮೂರು ಒರೆಗಲ್ಲಿಗೆ ಹಚ್ಚಿ.

ಎಫೆಸ 5:29: ಯಾರೂ ತನ್ನ ಸ್ವಂತ ಸರ್ಕ್ಸ್ ಅನ್ನು ಹಗೆ ಮಾಡಿದ್ದಿಲ್ಲ, ಪೋಷಿಸಿ ಸಂರಕ್ಷಿಸುತ್ತಾನೆ. ‘ಸರ್ಕ್ಸ್ ಯಾವಾಗಲೂ ಕೆಟ್ಟದ್ದು’ ಎಂಬ ಸೂತ್ರ ಇಲ್ಲೇ ಮುರಿಯುತ್ತದೆ.

1 ಯೋಹಾನ 4:2: ಯೇಸು ಕ್ರಿಸ್ತನು ‘ಎನ್ ಸರ್ಕಿ’ ಬಂದನೆಂದು ಒಪ್ಪುವ ಆತ್ಮವೇ ದೇವರಿಂದ ಬಂದದ್ದು. ಇಲ್ಲಿ ಪಾಪಸ್ವಭಾವ ಎಂದಿಟ್ಟರೆ ಏನಾಗುತ್ತದೆ ಎಂದು ನೀವೇ ಓದಿ ನೋಡಿ.

ರೋಮಾ 8:3: ದೇವರು ತನ್ನ ಮಗನನ್ನು ‘ಪಾಪದ ಸರ್ಕ್ಸ್‌ನ ಹೋಲಿಕೆಯಲ್ಲಿ’ ಕಳುಹಿಸಿದನು. ಸರ್ಕ್ಸ್ ಎಂಬುದರ ಒಳಗೇ ಪಾಪ ಇದ್ದಿದ್ದರೆ ‘ಪಾಪದ’ ಎಂದು ಮತ್ತೆ ಸೇರಿಸುವ ಅಗತ್ಯವಿರಲಿಲ್ಲ.

## ಹಂತ 7: ಕನ್ನಡದಲ್ಲಿ ಏನೆಂದು ಬರೆಯಬೇಕು?

ಪಾಠದ ಟಿಪ್ಪಣಿಗೋ ಪ್ರಸಂಗಕ್ಕೋ ಬರೆಯುವಾಗ ಕನ್ನಡ ಪದಗಳೂ ತಮ್ಮದೇ ಹೊರೆ ಹೊತ್ತಿರುತ್ತವೆ. ‘ಮಾಂಸ’ ಎಂದರೆ ಕೇಳುವವರ ಮನಸ್ಸು ಅಡುಗೆಮನೆಗೆ ಹೋಗುತ್ತದೆ. ಒಂದನೆಯ ಗುಂಪಿಗೆ ಮತ್ತು ‘ರಕ್ತಮಾಂಸ’ ಎಂಬ ಜೋಡಿಗೆ ಮಾತ್ರ ಅದನ್ನು ಬಳಸಿ.

‘ಶರೀರ’ ಎಂದ ಕೂಡಲೇ ನಮ್ಮಲ್ಲಿ ‘ಆತ್ಮ’ ಎದುರು ಬರುತ್ತದೆ: ನಶಿಸುವ ದೇಹ, ಉಳಿಯುವ ಆತ್ಮ. ಗಲಾತ್ಯ 5ರ ಪ್ನ್ಯೂಮ ಮನುಷ್ಯನೊಳಗಿನ ಆತ್ಮ ಅಲ್ಲ, ದೇವರ ಆತ್ಮ. ಹಾಗಾಗಿ ಅಲ್ಲಿ ‘ಶರೀರ’ ಎಂದಷ್ಟೇ ಬರೆದರೆ ದೇಹವನ್ನು ದಂಡಿಸಬೇಕೆಂಬ ಪಾಠ ಹೊರಡುತ್ತದೆ. ಹಳೆಯ ಅನುವಾದಕರು ‘ಭಾವ’ ಸೇರಿಸಿ ‘ಶರೀರಭಾವ’ ಎಂದದ್ದು ಈ ಅಪಾಯ ಕಂಡೇ ಇರಬೇಕು. ಈಗಲೂ ಏಳನೆಯ ಗುಂಪಿಗೆ ಅದಕ್ಕಿಂತ ಒಳ್ಳೆಯ ಒಂದೇ ಪದ ಸಿಗುವುದು ಕಷ್ಟ. ‘ಪಾಪಸ್ವಭಾವ’ ಸ್ಪಷ್ಟವಾಗಿದೆ, ಆದರೆ ಮನುಷ್ಯನೊಳಗೆ ಬೇರೆ ಅಂಗವೊಂದಿದೆ ಎಂಬ ಭಾವನೆ ಹುಟ್ಟಿಸುತ್ತದೆ. ಎನ್‌ಐವಿ ಇಂಗ್ಲಿಷ್ ಅನುವಾದ ಪೌಲನ ಪತ್ರಗಳಲ್ಲಿ ಇಂಥದೇ ಪದವನ್ನು ಬಳಸಿ, 2011ರ ಆವೃತ್ತಿಯಲ್ಲಿ ಹೆಚ್ಚಿನ ಕಡೆ ಅದನ್ನು ಹಿಂತೆಗೆದುಕೊಂಡಿತು.

‘ನರಾವತಾರ’ ಸುಂದರವಾದ ಪದ. ಅವತಾರ ಎಂದರೆ ನಮ್ಮಲ್ಲಿ ಇಳಿದು ಬರುವುದು, ಹಲವು ಬಾರಿ ಬರುವುದು, ರೂಪ ತಾಳುವುದು. ಯೋಹಾನನ ವಾಕ್ಯದಲ್ಲಿರುವುದು ‘ಆಯಿತು’ ಎಂಬ ಕ್ರಿಯಾಪದ. ಆ ಪದ ಬಳಸಿದಲ್ಲಿ ಈ ವ್ಯತ್ಯಾಸವನ್ನು ಒಂದು ಸಾಲಿನಲ್ಲಿ ಹೇಳಿಬಿಡಿ.

## ಮತ್ತೆ ಮತ್ತೆ ಆಗುವ ತಪ್ಪುಗಳು

ಸರ್ಕ್ಸ್ ಎಂದರೆ ಕಾಮವೇ ಎಂದು ಓದುವುದು. ಗಲಾತ್ಯ 5:19-21ರ ಪಟ್ಟಿಯನ್ನು ಎಣಿಸಿ. ವಿಮರ್ಶಿತ ಪಠ್ಯದಲ್ಲಿ ಹದಿನೈದು ಇವೆ. ಮೊದಲ ಮೂರು ಕಾಮಕ್ಕೆ ಸೇರಿದವು. ಹಗೆತನ, ಜಗಳ, ಹೊಟ್ಟೆಕಿಚ್ಚು, ಸಿಟ್ಟು, ಸ್ವಾರ್ಥದ ಪೈಪೋಟಿ, ಒಡಕು, ಪಂಗಡ ಕಟ್ಟುವುದು, ಮತ್ಸರ: ಇವೇ ಎಂಟು. ಅರ್ಧಕ್ಕಿಂತ ಹೆಚ್ಚು ಪಾಲು ಸಭೆಯೊಳಗಿನ ಕಿತ್ತಾಟ.

ಹಿಂದಿನ ವಚನದ ಅರ್ಥವನ್ನು ಮುಂದಕ್ಕೆ ಎಳೆಯುವುದು. ಯೋಹಾನ 6:51ರಲ್ಲಿ ಯೇಸು ‘ನನ್ನ ಸರ್ಕ್ಸ್’ ಲೋಕದ ಜೀವಕ್ಕಾಗಿ ಎನ್ನುತ್ತಾನೆ. 6:63ರಲ್ಲಿ ‘ಸರ್ಕ್ಸ್‌ನಿಂದ ಏನೂ ಪ್ರಯೋಜನವಿಲ್ಲ’ ಎನ್ನುತ್ತಾನೆ. ಎರಡನೆಯದರಲ್ಲಿ ‘ನನ್ನ’ ಎಂಬ ಪದವಿಲ್ಲ. ಒಂದೇ ಅಧ್ಯಾಯವಾದರೂ ಎರಡನ್ನೂ ಬೇರೆಯಾಗಿಯೇ ಪರೀಕ್ಷಿಸಬೇಕು.

ವಿಶೇಷಣಗಳನ್ನು ಒಂದೇ ಎಂದುಕೊಳ್ಳುವುದು. ಸರ್ಕಿನೊಸ್ ಎಂದರೆ ಮೂಲದಲ್ಲಿ ‘ಸರ್ಕ್ಸ್‌ನಿಂದ ಆದ’, ಸರ್ಕಿಕೊಸ್ ಎಂದರೆ ‘ಸರ್ಕ್ಸ್‌ನ ಗುಣವುಳ್ಳ’. 1 ಕೊರಿಂಥ 3:1ರಲ್ಲಿ ಮೊದಲನೆಯದು, 3:3ರಲ್ಲಿ ಎರಡನೆಯದು. 2 ಕೊರಿಂಥ 3:3ರಲ್ಲಿ ಕಲ್ಲಿನ ಹಲಗೆಗೆ ಎದುರಾಗಿ ‘ಸರ್ಕಿನೊಸ್ ಹೃದಯ’ ಬರುತ್ತದೆ, ಪೂರ್ತಿ ಒಳ್ಳೆಯ ಅರ್ಥದಲ್ಲಿ. ಅದರ ಹಿಂದೆ ಯೆಹೆಜ್ಕೇಲ 36:26 ಇದೆ.

ಇಂದಿನ ಪದಗಳಿಂದ ಅರ್ಥ ಹೊರಡಿಸುವುದು. ವೈದ್ಯರು ಹೇಳುವ ‘ಸಾರ್ಕೋಮಾ’ ಇದೇ ಪದದಿಂದ ಬಂದಿದೆ ನಿಜ, ಆದರೆ ಗಡ್ಡೆಯ ಚಿತ್ರವನ್ನು ಪೌಲನ ವಾಕ್ಯಕ್ಕೆ ತಂದು ಹಾಕಿದರೆ ಅದು ಅರ್ಥ ಹೇಳಿದಂತಾಗುವುದಿಲ್ಲ.

## ದಾರಿ ತಪ್ಪಿದ್ದೀರಿ ಎನ್ನುವ ಸೂಚನೆಗಳು

ನಿಮ್ಮ ಅರ್ಥದ ಪ್ರಕಾರ ದೇಹವೇ ಕೆಟ್ಟದ್ದು ಎಂದಾದರೆ ನಿಲ್ಲಿ. 1 ಕೊರಿಂಥ 6:19ರಲ್ಲಿ ಸೋಮವನ್ನು ಪವಿತ್ರಾತ್ಮನ ಆಲಯ ಎಂದದ್ದು ಇದೇ ಪೌಲ. ಒಂದೇ ಅರ್ಥ 147 ಕಡೆಯೂ ಸಲೀಸಾಗಿ ಕೂರುತ್ತಿದ್ದರೆ ನೀವು ವಚನಗಳನ್ನು ಓದುತ್ತಿಲ್ಲ, ಅರ್ಥವನ್ನು ತುಂಬುತ್ತಿದ್ದೀರಿ. ಗ್ರೀಕ್‌ನಲ್ಲಿ ‘ನಿಜವಾದ ಅರ್ಥ’ ಇದು ಎಂದು ಹೇಳಿದ ಮೇಲೆ ವಾಕ್ಯ ಮೊದಲಿಗಿಂತ ತೊಡಕಾಗಿ ಕೇಳಿಸಿದರೆ ಎರಡನೆಯ ಹಂತಕ್ಕೆ ವಾಪಸ್ ಹೋಗಿ.

## ಅಭ್ಯಾಸದ ಕ್ರಮ

ಮೊದಲು ಯೋಹಾನನ ಹದಿಮೂರು ಬಳಕೆಗಳನ್ನು ತೆಗೆದುಕೊಳ್ಳಿ: 1:13, 1:14, 3:6ರಲ್ಲಿ ಎರಡು, 6:51ರಿಂದ 56ರವರೆಗೆ ಆರು, 6:63, 8:15, 17:2. ಪ್ರತಿಯೊಂದಕ್ಕೂ ನೋಟ್‌ಬುಕ್ಕಿನಲ್ಲಿ ಐದು ಕಾಲಂ ಹಾಕಿ: ವಚನ, ಮುಂದಿನ ಸಣ್ಣ ಪದ, ಎದುರು ಪದ, ಗುಂಪು, ಕನ್ನಡ ಪದ. ನಂತರ ಗಲಾತ್ಯ ಪತ್ರದ ಹದಿನೆಂಟು. ಅದರಲ್ಲಿ 4:13ರ ಕಾಯಿಲೆಯಿಂದ 6:12ರ ಸುನ್ನತಿಯ ತೋರಿಕೆಯವರೆಗೆ ಹೆಚ್ಚಿನ ಗುಂಪುಗಳು ಬಂದುಹೋಗುತ್ತವೆ. ರೋಮಾ 8 ಕೊನೆಗಿರಲಿ. ಕೊಲೊಸ್ಸೆ 1:22 ಮತ್ತು 2:11ರಲ್ಲಿ ಸೋಮವೂ ಸರ್ಕ್ಸ್ ಕೂಡ ಒಟ್ಟೊಟ್ಟಿಗೆ ‘ಸರ್ಕ್ಸ್‌ನ ಸೋಮ’ ಎಂದು ಬರುತ್ತವೆ. ಆ ಎರಡು ವಚನಗಳಿಗೆ ಗುಂಪಿನ ಕಾಲಂ ಅನ್ನು ಪೆನ್ಸಿಲ್ಲಿನಲ್ಲಿ ತುಂಬಿ, ಗಲಾತ್ಯ ಮುಗಿದ ಮೇಲೆ ಮತ್ತೊಮ್ಮೆ ತೆರೆದು ನೋಡಿ.